ಒದ್ದೆ ಮರ

ಏಪ್ರಿಲ್ ತಿಂಗಳ ಎರಡನೆಯ ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಸರೋವರದ ಮೇಲೆ ಚಳಿಗಾಲವೆಲ್ಲ ಬಿಗಿದುಕೊಂಡಿದ್ದ ಮಂಜುಗಡ್ಡೆ ಆ ವಾರ ಬಿಡುತ್ತಿತ್ತು, ಅದು ಒಡೆಯುವ ಸದ್ದು ಊರೊಳಗೂ ಕೇಳುತ್ತಿತ್ತು. ಟೈಮಿ ಕರವಸ್ತ್ರದ ತುದಿಯನ್ನು ನಾಲಿಗೆಗೆ ತಾಗಿಸಿ, ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಎಡಗೈಯ ಹೆಬ್ಬೆರಳನ್ನು ತಿಕ್ಕುತ್ತಿದ್ದಳು.

"ತಿಕ್ಕಬೇಡಿ ಅಮ್ಮ, ಹಚ್ಚಿದ ಬಣ್ಣ ಹೋಗುತ್ತೆ" ಎಂದ ಶವಸಂಸ್ಕಾರದವನು.

"ಹೋಗಲಿ. ಇದು ಅವನ ಬಣ್ಣ ಅಲ್ಲ."

ಬಣ್ಣ ಹೋದ ಮೇಲೆ ಹೆಬ್ಬೆರಳಿನ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಕಂಡಿತು. ಚರ್ಮಕ್ಕಿಂತ ಬಿಳಿ. ಟೈಮಿ ಕನ್ನಡಕ ಸರಿಮಾಡಿಕೊಂಡು ಮುಂದಿನ ಬೆರಳನ್ನೂ ತಿಕ್ಕಿದಳು. ಅಲ್ಲಿ ಎರಡು. ನಡುಬೆರಳಿನಲ್ಲಿ ಇನ್ನೊಂದು. ನಾಲ್ಕೂ ಒಂದೇ ರೀತಿ ನೆಟ್ಟಗೆ, ಸ್ಕೇಲು ಇಟ್ಟು ಎಳೆದಂತೆ.

"ಇವು ಹೇಗಾದವು?"

ಅವನು ಬಗ್ಗಿ ನೋಡಿದ. "ಹಳೇ ಗಾಯ. ಕಾಗದ ಕೊಯ್ದ ಹಾಗಿದೆ."

"ಕಾಗದದ ಸಹವಾಸವೇ ಇರಲಿಲ್ಲ ಇವನಿಗೆ. ಬಸ್ಸು ಓಡಿಸಿದವನು."

ರೈನೊ ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ಆ ಮೇಲೆ ಆರು ವರ್ಷ ಗ್ಯಾರೇಜಿನಲ್ಲಿ ಮರ ಕೊಯ್ದ. ಸೋಮವಾರ ಬೆಳಿಗ್ಗೆ ಕಾಫಿ ಲೋಟದ ಮುಂದೆ ಕೂತವನು ಹಾಗೇ ಮೇಜಿನ ಮೇಲೆ ತಲೆಯಿಟ್ಟ, ಎದೆಬಡಿತ ನಿಂತುಹೋಗಿತ್ತು. ಎಪ್ಪತ್ತೆರಡು ವರ್ಷ. ನಲವತ್ತೇಳು ವರ್ಷ ಸಂಸಾರ ಮಾಡಿದ ಕೈ ಅದು. ಅದರಲ್ಲಿ ಈ ಗೆರೆಗಳು ಯಾವಾಗ ಬಂದವೆಂದು ಟೈಮಿಗೆ ಗೊತ್ತಿರಲಿಲ್ಲ. ನಡುನಡುವೆ ಬೆರಳಿಗೆ ಪಟ್ಟಿ ಸುತ್ತಿಕೊಂಡು ಊಟಕ್ಕೆ ಬರುತ್ತಿದ್ದದ್ದು ನೆನಪಿತ್ತು. ಅವಳು ಕೇಳಿರಲಿಲ್ಲ. ಕೇಳಿದರೆ ಮರ ಕೊಯ್ಯುವ ಆ ಯಂತ್ರದ ಮಾತು ಬರುತ್ತಿತ್ತು.

ಆ ಯಂತ್ರ ಇವತ್ತು ಮಧ್ಯಾಹ್ನ ಮೂರಕ್ಕೆ ಮನೆಬಿಟ್ಟು ಹೋಗುವುದಿತ್ತು. ರೈನೊ ಸತ್ತ ಮರುದಿನವೇ ಟೈಮಿ ಎಸ್ಕನಾಬಾ ಎಂಬ ಪೇಟೆಯ ಒಬ್ಬನಿಗೆ ಫೋನು ಮಾಡಿ ಮಾತು ಕೊಟ್ಟಿದ್ದಳು. ಹೆಣ ಮಣ್ಣಾಗುವ ದಿನವೇ ಅದೂ ಹೋಗಲಿ ಎಂದು ಅವಳ ಲೆಕ್ಕ. ಆದರೆ ಈ ನಾಲ್ಕು ಗೆರೆಗಳನ್ನು ಕಂಡ ಮೇಲೆ ಮನಸ್ಸಿನಲ್ಲಿ ಒಂದು ಮುಳ್ಳು ಮುರಿಯಿತು. ತನಗಿಂತ ಆ ಕಬ್ಬಿಣ ಅವನಿಗೆ ಯಾಕೆ ಹೆಚ್ಚಾಯಿತು, ಅದನ್ನು ತಿಳಿಯದೆ ಅದನ್ನು ಗೇಟು ದಾಟಿಸಬಾರದು ಎನಿಸಿತು.

"ಬಲಗೈ ಕೆಳಗಿರಲಿ, ಎಡಗೈ ಮೇಲಿಡಿ" ಎಂದಳು. "ಉಂಗುರ ಕಾಣಬೇಕು." ನಿಜವಾಗಿ ಅವಳಿಗೆ ಆ ಬೆರಳುಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

*

ಆರು ವರ್ಷದ ಹಿಂದೆ, ಅಕ್ಟೋಬರ್. ರೈನೊ ಒಂದು ದಿನ ಬಸ್ಸಿನ ಬೀಗದ ಕೈ ಶಾಲೆಗೆ ಒಪ್ಪಿಸಿ ಮನೆಗೆ ನಡೆದುಕೊಂಡು ಬಂದ. ಇನ್ನೂ ಎರಡು ವರ್ಷ ಓಡಿಸುತ್ತೇನೆ ಎಂದಿದ್ದವನು. ಯಾಕೆ ಎಂದರೆ "ಸಾಕಾಯ್ತು" ಎಂದ. ಅದಾಗಿ ಹತ್ತು ದಿನಕ್ಕೆ ಲಾರಿಯೊಂದು ಬಂದು, ಎರಡಾಳು ಕಷ್ಟಪಟ್ಟು ಇಳಿಸುವಂಥ ಪೆಟ್ಟಿಗೆಯನ್ನು ಗ್ಯಾರೇಜಿನ ಮುಂದೆ ಇಳಿಸಿಹೋಯಿತು.

"ಇದೇನು?"

"ಗರಗಸ. ಮೇಜಿನ ಗರಗಸ."

"ಮನೇಲಿ ಒಂದು ಇತ್ತಲ್ಲ."

"ಇತ್ತು. ಕೊಟ್ಟುಬಿಟ್ಟೆ."

"ಇದಕ್ಕೆಷ್ಟು?"

ರೈನೊ ಪೆಟ್ಟಿಗೆಯ ದಾರ ಬಿಚ್ಚುತ್ತಾ ಇದ್ದ. "ಮೂರೂವರೆ ಸಾವಿರ ಡಾಲರ್."

ಅಡುಗೆಮನೆಯ ಕಪಾಟು ಬದಲಿಸಲು ಟೈಮಿ ಡಬ್ಬಿಯಲ್ಲಿಟ್ಟಿದ್ದ ದುಡ್ಡೂ ಹೆಚ್ಚುಕಡಿಮೆ ಅಷ್ಟೇ. ಅವಳು ಒಳಗೆ ಹೋಗಿ ಡಬ್ಬಿ ಅಲ್ಲಾಡಿಸಿ ನೋಡಿದಳು, ಖಾಲಿ. ಹೊರಗೆ ಬಂದಳು.

"ಇದರಲ್ಲೊಂದು ವಿಶೇಷ ಇದೆ ಟೈಮಿ, ಕೇಳು…"

"ಅದರ ವಿಶೇಷ ಕಟ್ಟಿಕೊಂಡು ನನಗೇನು? ನನ್ನ ಕಿವಿಗೆ ಹಾಕಬೇಡ."

ಅವನು ಹಾಕಲಿಲ್ಲ. ಹೆಚ್ಚು ಮಾತಿನವನಲ್ಲ, ಒಂದು ಸಲ ಬೇಡವೆಂದರೆ ಎರಡನೆಯ ಸಲ ತಟ್ಟೆಗೆ ಬಡಿಸದ ಜಾತಿ. ಅವತ್ತಿನಿಂದ ಟೈಮಿ ಗ್ಯಾರೇಜಿನ ಹೊಸ್ತಿಲು ತುಳಿಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ಸೌಟಿನಿಂದ ಗೋಡೆ ಕುಟ್ಟುತ್ತಿದ್ದಳು. ಆಚೆಯ ಗುಂಯ್‌ಗುಡುವಿಕೆ ನಿಲ್ಲುತ್ತಿತ್ತು.

*

ಮಣ್ಣು ಮಾಡಿ ಬಂದವರೆಲ್ಲ ಇಗರ್ಜಿಯ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತರು. ದೊಡ್ಡ ಹಂಡೆಯಲ್ಲಿ ಕಾಫಿ, ಹಂದಿ ಮಾಂಸದ ಹೋಳು, ಆಲೂಗಡ್ಡೆ, ಬೇಯಿಸಿದ ಸಾಸೇಜು, ಏಲಕ್ಕಿ ಹಾಕಿದ, ನಿಸು ಎಂಬ ಸಿಹಿ ರೊಟ್ಟಿ. ಟೈಮಿಯ ಎದುರಿಗೆ ರೈನೊನ ತಮ್ಮ ಅರ್ವಿಡ್ ಕೂತಿದ್ದ. ಕಸುಬಿನ ಬಡಗಿ, ಒಂಟಿ ಮನುಷ್ಯ, ಮೂರು ಗಂಟೆಯ ದಾರಿಯ ಊರಿನಿಂದ ಬಂದವನು. ಅವನ ಎಡಗೈಯಲ್ಲಿ ಕೊನೆಯ ಎರಡು ಬೆರಳಿಲ್ಲ. ಪಕ್ಕದಲ್ಲಿ ಡೆಲ್ಮರ್, ಅಂಚೆ ಕಚೇರಿಯಿಂದ ನಿವೃತ್ತನಾದವನು. ಪ್ರತಿ ಮಂಗಳವಾರ ಒಬ್ಬೊಬ್ಬರ ಗ್ಯಾರೇಜಿನಲ್ಲಿ ಸೇರಿ ಮರ ಕೊಯ್ಯುವ ಐದಾರು ಮುದುಕರಲ್ಲಿ ರೈನೊನೂ ಒಬ್ಬ, ಇವನೂ ಒಬ್ಬ.

"ಎಸ್ಕನಾಬಾದವನಿಗೆ ಎಷ್ಟಕ್ಕೆ ಕೊಟ್ಟೆ ಅತ್ತಿಗೆ?" ಅರ್ವಿಡ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ ಕೇಳಿದ.

"ಅರ್ಧಕ್ಕೆ."

"ಅರ್ಧ ಬಂತಲ್ಲ, ಪುಣ್ಯ. ನಾನು ನಲವತ್ತು ವರ್ಷ ಇನ್ನೂರು ಡಾಲರಿನ ಗರಗಸದಲ್ಲಿ ದುಡಿದೆ. ನಮ್ಮೂರಿನ ಅರ್ಧ ಮನೆಗಳ ಬಾಗಿಲು ಕಿಟಕಿ ನಂದು. ಅಣ್ಣ ಮೂರೂವರೆ ಸಾವಿರದ್ದು ತಂದು ಏನು ಮಾಡಿದ? ಹಕ್ಕಿಗೂಡು."

"ರೊಟ್ಟಿ ಕೊಯ್ಯೋ ಹಲಗೆ ಕೂಡ" ಎಂದ ಡೆಲ್ಮರ್.

"ಈ ಊರಲ್ಲಿ ರೊಟ್ಟಿಗಿಂತ ರೊಟ್ಟಿ ಕೊಯ್ಯೋ ಹಲಗೆಯೇ ಜಾಸ್ತಿ."

ಕಾಫಿ ಬಗ್ಗಿಸುತ್ತಿದ್ದ ಹೆಂಗಸು ನಕ್ಕಳು. "ನಮ್ಮನೇಲಿ ಮೂರಿವೆ" ಎಂದಳು.

"ಮೀನು ಹಿಡಿಯೋಕೆ ದೋಣಿ ಕೊಂಡವನನ್ನ ಯಾರೂ ಕೇಳಲ್ಲ, ಒಂದು ಮೀನಿಗೆ ಎಷ್ಟು ಬಿತ್ತು ಅಂತ" ಎಂದ ಡೆಲ್ಮರ್. "ಹಿಮದ ಗಾಡಿ ಕೊಂಡವನನ್ನೂ ಕೇಳಲ್ಲ. ಮರ ಕೊಯ್ಯೋನ ಮೇಲೆ ಮಾತ್ರ ಎಲ್ಲರಿಗೂ ಕಣ್ಣು."

"ಕಸುಬು ಗೊತ್ತಿದ್ದವನಿಗೆ ಯಂತ್ರ ಬೇಡ ಮಾರಾಯ, ಗೊತ್ತಿಲ್ಲದವನಿಗೆ ಯಾವ ಯಂತ್ರವೂ ಸಾಲದು."

"ಗೊತ್ತಿದ್ದವನು ಎರಡು ಬೆರಳು ಎಲ್ಲಿಟ್ಟು ಬಂದ?"

"ಅದು ದುಡಿಮೆಯ ಗುರುತು. ನಿಮ್ಮ ಹಾಗೆ ಮಂಗಳವಾರದ ಆಟ ಅಲ್ಲ."

ಡೆಲ್ಮರ್ ಬೇಜಾರು ಮಾಡಿಕೊಳ್ಳಲಿಲ್ಲ. "ರೈನೊನ ಗರಗಸ ಬೆರಳು ತೆಗೆಯಲ್ಲ, ಅದೇ ಅದರ ಬೆಲೆ" ಎಂದ. "ಮಾಂಸ ತಾಗಿದರೆ ಸಾಕು, ಕಣ್ಣು ಮಿಟುಕಿಸೋದರೊಳಗೆ ಕೊಯ್ಯೋ ಚಕ್ರ ನಿಂತು ಮೇಜಿನ ಕೆಳಗೆ ಇಳಿದುಬಿಡುತ್ತೆ."

ಟೈಮಿ ಲೋಟ ಕೆಳಗಿಟ್ಟಳು. "ಏನು ತಾಗಿದರೆ?"

"ಮಾಂಸ. ಬೆರಳು. ನಿನಗೆ ಗೊತ್ತಿಲ್ವಾ ಟೈಮಿ? ಆರು ವರ್ಷ ಮನೇಲೇ ಇತ್ತಲ್ಲ."

"ಹೇಳೋಕೆ ಬಂದ. ನಾನೇ ಬಿಡಲಿಲ್ಲ." ಲೋಟವನ್ನು ಪಕ್ಕಕ್ಕೆ ಸರಿಸಿ ಕೇಳಿದಳು: "ಅದು ಯಾವತ್ತಾದರೂ ಹಾಗೆ ನಿಂತಿತ್ತಾ?"

"ನಾಲ್ಕು ಸಲ. ನಿಂತಾಗ ಒಂದು ಅಲ್ಯುಮಿನಿಯಂ ಗಟ್ಟಿ ಚಕ್ರದ ಹಲ್ಲಿಗೆ ಹೊಡೆದು ಕಚ್ಚಿಕೊಳ್ಳುತ್ತೆ. ಎರಡೂ ದಂಡ, ಬಿಚ್ಚಿ ಎಸೀಬೇಕು. ರೈನೊ ಎಸೀದೆ ಗೋಡೆಗೆ ನೇತುಹಾಕಿದ್ದ, ನಾಲ್ಕೂ."

"ನಾಲ್ಕು ಸಲ ಬೆರಳು ತಾಗಿತಾ?"

"ಇಲ್ಲ ಇಲ್ಲ. ಒದ್ದೆ ಮರ ಅಂದ. ಮರದಲ್ಲಿ ನೀರಿದ್ದರೆ ಯಂತ್ರಕ್ಕೆ ಅದು ಮಾಂಸದ ಹಾಗೇ ಕಾಣುತ್ತೆ. ಹೊಸಬರು ಮಾಡೋ ತಪ್ಪು. ನಾವೆಲ್ಲ ಗೇಲಿ ಮಾಡ್ತಿದ್ದೆವು, ಇವನ ಮೂಗಿಗೆ ಮರದ ವಾಸನೆಯೇ ಗೊತ್ತಾಗಲ್ಲ ಅಂತ." ಡೆಲ್ಮರ್ ಕೆನ್ನೆ ಉಜ್ಜಿಕೊಂಡ. "ನನಗೂ ವಿಚಿತ್ರ ಅನಿಸಿತ್ತು. ಹಲಗೆಯನ್ನ ಎರಡು ವರ್ಷ ಒಣಗಿಸದೆ ಮುಟ್ಟೋನಲ್ಲ ಅವನು. ತೇವ ಅಳೆಯೋ ಸಾಮಾನು ಬೇರೆ ಇತ್ತು, ಎರಡು ಮುಳ್ಳಿನದು. ಅಂಥವನು ನಾಲ್ಕು ಸಲ ಒದ್ದೆ ಮರ ಕೊಯ್ದ ಅಂದರೆ…"

"ಒಂದು ಸಲ ಅದು ಹೇಗೆ ನಿಲ್ಲುತ್ತೆ ತೋರಿಸು."

"ಏನು, ಈಗಲಾ? ಒಂದು ಸಲಕ್ಕೆ ಇನ್ನೂರು ಡಾಲರ್ ಬೀಳುತ್ತೆ ಟೈಮಿ. ಅದೂ ಮಾರಿದ ಸಾಮಾನು."

"ದುಡ್ಡು ಇನ್ನೂ ನನ್ನ ಕೈಗೆ ಬಂದಿಲ್ಲ. ಸಾಮಾನು ಇನ್ನೂ ನಂದೇ. ಏನು ಬೇಕು ಅದಕ್ಕೆ? ಬೆರಳು ಕೊಡೋರು ಯಾರು?"

ಡೆಲ್ಮರ್ ಸುತ್ತ ನೋಡಿ, ಮೇಜಿನ ನಡುವಿನ ತಟ್ಟೆಯ ಕಡೆಗೆ ಗದ್ದ ಚಾಚಿದ. ಟೈಮಿ ಒಂದು ಸಾಸೇಜನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ನೋಡಿದವರು, ಪಾಪ, ಸಂಜೆಗೆ ಅಡುಗೆ ಮಾಡಲಾರಳು ಎಂದುಕೊಂಡಿರಬೇಕು.

*

ಎರಡು ಗಂಟೆಗೆ ಮೂವರೂ ಗ್ಯಾರೇಜಿನಲ್ಲಿದ್ದರು. ಗಂಡಸರಿಬ್ಬರ ಕೊರಳಲ್ಲೂ ಟೈ. ಟೈಮಿ ಕಪ್ಪು ಲಂಗದ ಮೇಲೆ ಕಪ್ಪು ಕೋಟು ಹಾಕಿ, ಆರು ವರ್ಷದ ಮೇಲೆ ಹೊಸ್ತಿಲು ದಾಟಿದವಳು ಎಲ್ಲಿ ನಿಲ್ಲುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತಳು. ಇಷ್ಟು ಚೊಕ್ಕಟವಾಗಿರುತ್ತದೆ ಎಂದು ಅವಳು ತಿಳಿದಿರಲಿಲ್ಲ. ಗೋಡೆಯಲ್ಲಿ ಉಳಿಗಳು ಎತ್ತರದ ಕ್ರಮದಲ್ಲಿ ಸಾಲಾಗಿದ್ದವು. ಅವುಗಳ ಪಕ್ಕದ ನಾಲ್ಕು ಮೊಳೆಗಳಲ್ಲಿ ನಾಲ್ಕು ಚಕ್ರ, ಒಂದೊಂದರ ಬಾಯಲ್ಲೂ ಬಿಳಿ ಗಟ್ಟಿ ಸಿಕ್ಕಿಕೊಂಡಿತ್ತು, ಎಲುಬು ಕಚ್ಚಿದ ನಾಯಿಯ ಹಾಗೆ.

ಡೆಲ್ಮರ್ ಟೈಯನ್ನು ಅಂಗಿಯೊಳಗೆ ತುರುಕಿಕೊಂಡ. ಹಲಗೆ ತುಂಡಿನ ಮೇಲೆ ಸಾಸೇಜು ಇಟ್ಟು, ಮುಂದಿನ ತುದಿ ಅಂಚಿನಿಂದ ಆಚೆ ಬರುವಂತೆ ಮಾಡಿ, ಹಿಂದಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದ. "ಕೈ ತಾಗಿರಬೇಕು, ಆಗಲೇ ಯಂತ್ರಕ್ಕೆ ಮನುಷ್ಯ ಅಂತ ತಿಳಿಯೋದು" ಎಂದ. ಸ್ವಿಚ್ಚು ಹಾಕಿದ. ಗೋಡೆಯಾಚೆಯಿಂದ ಆರು ವರ್ಷ ಕೇಳಿದ ಸದ್ದು ಇಲ್ಲಿ ಅಷ್ಟು ದೊಡ್ಡದಲ್ಲ ಎಂದು ಟೈಮಿಗೆ ಅನಿಸಿತು.

ಹಲಗೆ ಮುಂದೆ ಹೋಯಿತು. ಪಟಾರ್ ಎಂದು ಬಂದೂಕು ಹೊಡೆದ ಹಾಗಾಯಿತು. ಚಕ್ರ ಕಾಣಲಿಲ್ಲ. ಮೇಜಿನ ಸೀಳಿನಲ್ಲಿ ಬರೀ ಕತ್ತಲೆ.

ಅರ್ವಿಡ್ ತನಗೇ ತಿಳಿಯದಂತೆ ಎಡಗೈಯನ್ನು ಜೇಬಿಗೆ ಹಾಕಿಕೊಂಡಿದ್ದ.

ಟೈಮಿ ಸಾಸೇಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತುದಿಯಲ್ಲಿ ಒಂದು ಗೆರೆ. ಕೂದಲೆಳೆಯಷ್ಟು ಸಣ್ಣದು, ಸ್ಕೇಲು ಇಟ್ಟು ಎಳೆದಂತೆ.

"ಇದೇ" ಎಂದಳು. "ಅವನ ಎಡಗೈಯಲ್ಲಿ ಇಂಥವು ನಾಲ್ಕಿವೆ. ಬೆಳಿಗ್ಗೆ ನೋಡಿದೆ. ಒದ್ದೆ ಮರ ಅಲ್ಲ ಡೆಲ್ಮರ್."

"ನಾಲ್ಕು ಸಲ ಕೈಯನ್ನ ಅಲ್ಲಿಗೆ ಯಾಕೆ ಕೊಂಡುಹೋದ? ಕುರುಡನೂ ಅಲ್ಲ, ಅವಸರದವನೂ ಅಲ್ಲ" ಎಂದ ಡೆಲ್ಮರ್.

"ಕೈ ಎಲ್ಲಿದೆ ಅಂತ ತಿಳಿಯದೆ ಇದ್ದರೆ?" ಎಂದ ಅರ್ವಿಡ್. ಇಬ್ಬರೂ ಅವನ ಕಡೆ ತಿರುಗಿದರು. ಅವನು ಮಾತನ್ನು ಒಂದೊಂದಾಗಿ ಎತ್ತಿ ಇಡುವವನಂತೆ ಹೇಳಿದ. "ಹೋದ ನವೆಂಬರಿನಲ್ಲಿ, ಜಿಂಕೆ ಬೇಟೆಗೆ ಹೋದಾಗ, ಸೌನಾದ ಹಬೆಸ್ನಾನದ ಕೋಣೆಯಲ್ಲಿ ಒಲೆಯ ಅಂಚಿಗೆ ಎಡಗೈ ಊರಿಕೊಂಡು ನಿಂತಿದ್ದ. ನಾನು ಏನೋ ಹರಟ್ತಾ ಇದ್ದೆ. ಸುಟ್ಟ ವಾಸನೆ ಬಂತು. ಕೈ ತೆಗಿಯೋ ಅಂದೆ. ತೆಗೆದು ನೋಡ್ಕೊಂಡ, ಬೇರೆ ಯಾರದೋ ಕೈ ನೋಡೋ ಹಾಗೆ. ಕುಡಿದಿದ್ದಾನೆ ಅಂದ್ಕೊಂಡೆ."

"ಕುಡಿಯೋದು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು."

"ಅದು ನನಗೂ ಗೊತ್ತಿತ್ತು ಅತ್ತಿಗೆ. ಆದರೂ ಹಾಗೇ ಅಂದ್ಕೊಂಡೆ. ಸುಲಭ ಅದು."

"ಕಾಫಿ ಪಾತ್ರೆ ತಾಗಿತು ಅಂದಿದ್ದ ನನಗೆ" ಎಂದಳು ಟೈಮಿ. ಆಮೇಲೆ ಅವಳ ಮನಸ್ಸು ಹಿಂದಕ್ಕೆ ನಡೆಯತೊಡಗಿತು, ಒಂದೊಂದೇ ಮೆಟ್ಟಿಲು. ಎರಡು ಕೈಯಲ್ಲಿ ಹಿಡಿಯುತ್ತಿದ್ದ ಕಾಫಿ ಲೋಟ. ಎಡಗೈ ನೋಡಿ ನೋಡಿ ಹಾಕುತ್ತಿದ್ದ ಅಂಗಿಯ ಗುಂಡಿ. ಬಸ್ಸಿನ ಬೀಗದ ಕೈ. "ಮಕ್ಕಳಿದ್ದ ಬಸ್ಸು" ಎಂದಳು. "ಅದಕ್ಕೇ ಬಿಟ್ಟ. ಮುಟ್ಟಿದ್ದೇ ತಿಳಿಯದ ಆ ಕೈ ನಂಬಿ ಮಕ್ಕಳನ್ನ ಕೂರಿಸಿಕೊಳ್ಳೋಕೆ ಆಗಲಿಲ್ಲ."

"ಬಸ್ಸು ಬಿಟ್ಟ, ಇದನ್ನ ಬಿಡೋಕೆ ಆಗಲಿಲ್ಲ" ಎಂದ ಡೆಲ್ಮರ್.

"ಹೇಳಬಹುದಿತ್ತಲ್ಲ."

"ಹೇಳಿದ್ದರೆ ನೀನು ಇಲ್ಲಿಗೆ ಬೀಗ ಹಾಕ್ತಿದ್ದೆ ಟೈಮಿ."

ಹಾಕುತ್ತಿದ್ದಳು. ಅದರಲ್ಲಿ ಅನುಮಾನವಿರಲಿಲ್ಲ.

*

ಆರು ವರ್ಷದ ಹಿಂದಿನ ಅದೇ ಅಕ್ಟೋಬರಿನ ಒಂದು ಭಾನುವಾರ. ಇಗರ್ಜಿಯ ನಾಲ್ಕನೆಯ ಸಾಲಿನ ಬೆಂಚಿನಲ್ಲಿ ನಲವತ್ತು ವರ್ಷದಿಂದ ಟೈಮಿ ಎಡಕ್ಕೆ, ರೈನೊ ಅವಳ ಬಲಕ್ಕೆ. ಪಾದ್ರಿಯ ಮಾತು ಉದ್ದವಾದಾಗ ಅವನ ಎಡಗೈ ಬಂದು ಅವಳ ಬಲಗೈ ಹಿಡಿಯುವುದು ರೂಢಿ. ಆ ಭಾನುವಾರ ಅವನು ಕೂರಲಿಲ್ಲ.

"ಸ್ವಲ್ಪ ಸರಿ. ನಾನು ಈ ಕಡೆ ಕೂರ್ತೀನಿ."

"ಯಾಕೆ? ಅದು ಗೋಡೆಯ ಚಳಿ ಹೊಡೆಯೋ ಜಾಗ."

"ಹೀಗೇ."

ಗರಗಸದ ಮಾತಿಗೆ ಅವನಿಗೆ ಸಿಟ್ಟು, ತನ್ನ ಪಕ್ಕದ ಹಳೆಯ ಜಾಗವೂ ಬೇಡವಾಯಿತು ಎಂದುಕೊಂಡಳು ಟೈಮಿ. ಹಾಡಿನ ಪುಸ್ತಕವನ್ನು ಎರಡು ಕೈಯಲ್ಲೂ ಹಿಡಿದು ಕೂತಳು, ಹಾಡು ಮುಗಿದ ಮೇಲೂ. ರೈನೊನ ಬಲಗೈ ಇಬ್ಬರ ನಡುವೆ ಬೆಂಚಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಮುಂದಿನ ಭಾನುವಾರವೂ ಹಾಗೇ ಬಿದ್ದಿತ್ತು. ಕ್ರಿಸ್‌ಮಸ್ಸಿನ ಹೊತ್ತಿಗೆ ಅದು ಅವನ ತೊಡೆಯ ಮೇಲಕ್ಕೆ ಹೋಯಿತು.

*

ಮೂರಕ್ಕೆ ಸರಿಯಾಗಿ ಎಸ್ಕನಾಬಾದವನು ಎಳೆಗಾಡಿ ಕಟ್ಟಿಕೊಂಡು ಬಂದ. ಸಭ್ಯ ಮನುಷ್ಯ. ಟೋಪಿ ತೆಗೆದು, ಟೈ ಕಟ್ಟಿದ ಇಬ್ಬರು ಮುದುಕರನ್ನೂ ಕೈಯಲ್ಲಿ ಸಾಸೇಜು ಹಿಡಿದ ವಿಧವೆಯನ್ನೂ ನೋಡಿದ. ಆಮೇಲೆ ಯಂತ್ರದೊಳಗೆ ಇಣುಕಿದ.

"ಚಕ್ರ ಕಚ್ಚಿಕೊಂಡಿದೆಯಲ್ಲ. ಏನಾಯ್ತು?"

"ಊಟದಲ್ಲಿ ಉಳಿದಿತ್ತು" ಎಂದ ಡೆಲ್ಮರ್.

"ಇದನ್ನ ಕೊಡೋದಿಲ್ಲ" ಎಂದಳು ಟೈಮಿ. "ಮಾತು ಕೊಟ್ಟಿದ್ದೆ, ತಪ್ಪು ನಂದು. ಒಳಗೆ ಬನ್ನಿ, ಕಾಫಿ ಕುಡೀರಿ. ಬರಿಗೈಲಿ ಹೋಗೋದು ಬೇಡ, ಒಂದು ರೊಟ್ಟಿ ಕೊಯ್ಯೋ ಹಲಗೆ ಕೊಡ್ತೀನಿ."

ಅವನು ಕಾಫಿ ಕುಡಿದು, ಹಲಗೆ ಹಿಡಿದು ಹೋದ. ಡೆಲ್ಮರನೂ ಹೊರಟ. ಗ್ಯಾರೇಜಿನಲ್ಲಿ ಅತ್ತಿಗೆ ಮೈದುನ ಇಬ್ಬರೇ ಉಳಿದರು.

"ನೀನು ತಗೊಂಡು ಹೋಗು ಅರ್ವಿಡ್."

"ನನಗಾ? ಆ ಆಟಿಕೆ?"

"ಹೂಂ."

"ಎರಡು ಬೆರಳು ಹೋದ ಮೇಲೂ ಇಪ್ಪತ್ತು ವರ್ಷ ದುಡಿದೋನು ನಾನು. ಅದೇ ಗರಗಸದಲ್ಲಿ."

"ಹೆದರಿಕೆ ಆಗ್ತಿರಲಿಲ್ವಾ?"

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಗೇಲಿ ಮಾಡಿದವರಿದ್ದರು, ಅಯ್ಯೋ ಎಂದವರಿದ್ದರು. ಅರ್ವಿಡ್ ಎರಕದ ಕಬ್ಬಿಣದ ಮೇಜಿನ ಮೇಲೆ ಬಲಗೈ ಆಡಿಸಿದ, ನುಣುಪು ನೋಡುವವನ ಹಾಗೆ.

"ದಿನಾ" ಎಂದ. "ದಿನಾ ಬೆಳಿಗ್ಗೆ, ಸ್ವಿಚ್ಚು ಹಾಕೋ ಮುಂಚೆ."

"ಈಗಲೂ?"

"ಈಗ ಹಾಕೋದೇ ಇಲ್ಲ ಅತ್ತಿಗೆ. ಎರಡು ವರ್ಷ ಆಯ್ತು. ಬೆಳಿಗ್ಗೆ ಎದ್ದು ಕೆಲಸದ ಕೊಟ್ಟಿಗೆಗೆ ಹೋಗ್ತೀನಿ, ಕೂತ್ಕೊಂಡು ರೇಡಿಯೋ ಕೇಳಿ ಬರ್ತೀನಿ. ಊರಲ್ಲಿ ಯಾರಿಗೂ ಗೊತ್ತಿಲ್ಲ. ಅಣ್ಣನಿಗೂ ಹೇಳಿರಲಿಲ್ಲ." ಮೇಜಿನ ಅಂಚು ಸವರುತ್ತಾ, "ಹೇಳಿದ್ದರೆ ಅವನೂ ಹೇಳ್ತಿದ್ದನೋ ಏನೋ" ಎಂದ.

ಟೈಮಿ ಗೋಡೆಯ ಕಡೆ ತಿರುಗಿದಳು. "ಹೊಸ ಚಕ್ರ ಎಲ್ಲಿಟ್ಟಿದ್ದಾನೆ ಹುಡುಕು" ಎಂದಳು. "ಒಂದು ಇದ್ದೇ ಇರುತ್ತೆ. ಮುಂದಾಲೋಚನೆಯ ಮನುಷ್ಯ."

ಎರಡಿದ್ದವು, ಎರಡು ಗಟ್ಟಿಗಳ ಜೊತೆ, ಮೇಲಿನ ಹಲಗೆಯಲ್ಲಿ ಎಣ್ಣೆಕಾಗದದಲ್ಲಿ ಸುತ್ತಿ.

ಶುಕ್ರವಾರ ಬೆಳಿಗ್ಗೆ ಹೊರಡುವೆನೆಂದಿದ್ದ ಅರ್ವಿಡ್ ಹೊರಡಲಿಲ್ಲ. ಹತ್ತು ಗಂಟೆಗೆ ಡೆಲ್ಮರ್ ಬಂದ, ಇಬ್ಬರೂ ಬಗ್ಗಿಕೊಂಡು, ಬೈದಾಡಿಕೊಂಡು ಚಕ್ರ ಬದಲಿಸಿದರು. ಮಧ್ಯಾಹ್ನದ ಮೇಲೆ ಯಂತ್ರದ ಸದ್ದು ಶುರುವಾಯಿತು. ಮೊದಲು ಸ್ವಲ್ಪ ಹೊತ್ತು, ನಿಂತಿತು. ಮತ್ತೆ ಸ್ವಲ್ಪ ಹೊತ್ತು. ಆಮೇಲೆ ಸಂಜೆಯವರೆಗೂ ನಿಲ್ಲಲಿಲ್ಲ. ಏನು ಕೊಯ್ದೆ ಎಂದು ಟೈಮಿ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು. "ಏನೂ ಇಲ್ಲ" ಎಂದ ಅರ್ವಿಡ್. "ಬರೀ ತುಂಡು. ದೊಡ್ಡದನ್ನ ಸಣ್ಣದು ಮಾಡಿದೆ." ಅವನ ಹುಬ್ಬಿನ ತುಂಬ ಮರದ ಪುಡಿ.

ಶನಿವಾರ ಬೆಳಿಗ್ಗೆ ಮಳೆಯಲ್ಲದ ಹಿಮವಲ್ಲದ ಒಂದು ಜಿಬಿಜಿಬಿ ಹಿಡಿದಿತ್ತು. ನಾಲ್ಕಾಳು ಸೇರಿ ಯಂತ್ರವನ್ನು, ಎರವಲು ತಂದು ಅರ್ವಿಡನ ಗಾಡಿಗೆ ಕಟ್ಟಿದ ಎಳೆಗಾಡಿಗೆ ಏರಿಸಿ ಹಗ್ಗ ಬಿಗಿದರು. ಟೈಮಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಒದ್ದೆಯಾದರೆ ಇದು ತುಕ್ಕು ಹಿಡಿಯುತ್ತಾ?" ಕೇಳಿದಳು.

"ಮೇಲ್ಮೈ ಹಿಡಿಯುತ್ತೆ. ಊರು ಮುಟ್ಟೋದರೊಳಗೆ ಕೆಂಪಾಗಿರುತ್ತೆ. ಹೋಗಿ ತಿಕ್ಕಿ ಎಣ್ಣೆ ಹಚ್ಚಿದರಾಯ್ತು."

ಅವಳು ಒಳಗೆ ಹೋದಳು. ಬರುವಾಗ ಮಂಚದ ಮೇಲಿನ ಉಣ್ಣೆಯ ಕಂಬಳಿಯನ್ನು ಎತ್ತಿಕೊಂಡು ಬಂದಳು, ಜೊತೆಗೆ ಮೇಜಿಗೆ ಹಾಸುವ ಮೇಣಬಟ್ಟೆ. ಕೆಳಗೆ ಕಂಬಳಿ, ಮೇಲೆ ಮೇಣಬಟ್ಟೆ. ಎಳೆಗಾಡಿಯ ಸುತ್ತ ಒಂದು ಸುತ್ತು ಬಂದು ಕಬ್ಬಿಣದ ನಾಲ್ಕು ಮೂಲೆಗೂ ಅಂಚು ಒಳಗೆ ಸಿಕ್ಕಿಸಿದಳು. ಗಾಳಿ ನುಗ್ಗುವ ಕಡೆ ಎರಡು ಮಡಿಕೆ ಮಾಡಿದಳು. ಗಂಡಸರು ಜೇಬಿನಲ್ಲಿ ಕೈಯಿಟ್ಟು ಕಾದರು.

"ಸರೋವರದ ತಿರುವಿನಲ್ಲಿ ನಿಧಾನ" ಎಂದಳು.

ಅರ್ವಿಡ್ ಹತ್ತು ಗಂಟೆಗೆ ಹೊರಟ. ಬಂದಾಗ ಕೆಸರು ಎರಚಿಕೊಂಡು ಬಂದವನು ಹೋಗುವಾಗ ಆಸ್ಪತ್ರೆಯಿಂದ ಯಾರನ್ನೋ ಮನೆಗೆ ಕರೆದೊಯ್ಯುವವನ ಹಾಗೆ ಹೋದ. ಪ್ರತಿ ಹಳ್ಳದ ಮುಂದೆಯೂ ಗಾಡಿ ಹೆಚ್ಚುಕಡಿಮೆ ನಿಂತು, ಇಳಿದು, ಏರಿ, ಮುಂದೆ ಹೋಗುತ್ತಿತ್ತು. ಹಿಂದಿನ ಎರಡು ಕೆಂಪು ದೀಪಗಳು ಸರೋವರದ ದಾರಿಯಲ್ಲಿ ಬಹಳ ಹೊತ್ತು ಕಾಣುತ್ತಿದ್ದವು.